ಜನವರಿ ಸೊನ್ನೆ, ಭಾನುವಾರ ಒಂದು
ನಮ್ಮ ಅಪಾರ್ಟ್‌ಮೆಂಟಿನವರಿಗೆ ಹಬ್ಬದ ದಿನ ತಾನಾಗಿ ಶುಭಾಶಯ ಹೋಗಲಿ ಅಂತ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಪುಕ್ಕಟೆ ಸೇವೆ. ಜನವರಿ 14ರ ಸಂಕ್ರಾಂತಿ ತಣ್ಣಗೆ ಕಳೆಯಿತು, ಯಾರ ಫೋನೂ ಉಸಿರೆತ್ತಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಫೆಬ್ರವರಿ 14ರ ಬೆಳಗಿನ ಆರಕ್ಕೆ, ಎಲ್ಲರ ಫೋನೂ ಟಿಣ್ ಅಂದವು: ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ.’ ಮೂರನೇ ಮಹಡಿಯ ರಿಟೈರ್ಡ್ ಮೇಷ್ಟ್ರು ಲಿಫ್ಟಿನಲ್ಲಿ ಸಿಕ್ಕಿ, “ಪ್ರೇಮಿಗಳಿಗೆ ಬೇಕಾದ ಬುದ್ಧಿಮಾತೇ ಕಣಯ್ಯಾ” ಅಂದರು.

ಆಗಿದ್ದಿಷ್ಟೇ. ತಿಂಗಳ ಜಾಗದಲ್ಲಿ 1 ಅಂತ ಬರೆದಿದ್ದೆ. ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ಜನವರಿ ಅಂದರೆ 0, ಒಂದು ಅಂದರೆ ಫೆಬ್ರವರಿ. ತಾರೀಖು ಮಾತ್ರ ನಮ್ಮ ನಿಮ್ಮ ಹಾಗೆ ಒಂದರಿಂದಲೇ ಶುರು!

ಇದು ಬಳುವಳಿಯಾಗಿ ಬಂದ ಸೊನ್ನೆ. 1995ರಲ್ಲಿ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಕಟ್ಟಿದರು. ಜಾವಾದ ಹಾಗೆ ಕಾಣಬೇಕು ಅಂತ ಮೇಲಿನವರ ಹಟ. ಸರಿ, ದಿನಾಂಕದ ಸಾಮಾನನ್ನು ಜಾವಾದಿಂದಲೇ ಎತ್ತಿಕೊಂಡರು. ಜಾವಾದವರು ಸಿ ಭಾಷೆಯ ಲೈಬ್ರರಿಯ ಪದ್ಧತಿ ಹಿಡಿದಿದ್ದರು. ಸಿಯವರನ್ನು ಕೇಳಿದರೆ ತಲೆದೂಗುವಂಥ ತರ್ಕವೇ ಇದೆ: ತಿಂಗಳಿಗೆ ಹೆಸರುಂಟು, ಹೆಸರನ್ನು ಪಟ್ಟಿಯಿಂದ ತೆಗೆಯಬೇಕು, ಸಿಯಲ್ಲಿ ಪಟ್ಟಿ ಶುರುವಾಗುವುದೇ ಸೊನ್ನೆಯಿಂದ. ತಾರೀಖಿಗೆ ಹೆಸರಿಲ್ಲ, ಅಂಕಿಯನ್ನೇ ಅಚ್ಚು ಹಾಕಬೇಕು, ಅದಕ್ಕೆ ಒಂದರಿಂದ. ಯಂತ್ರಕ್ಕೆ ಒಂದು ಕಳೆಯುವ ಕೆಲಸ ತಪ್ಪಿತು. ಅರ್ಧ ಶತಮಾನದಿಂದ ಆ ಕಳೆಯುವ ಕೆಲಸ ನಮ್ಮಂಥವರ ಕೊರಳಿಗೆ.

ಬಳ್ಳದಲ್ಲಿ ರಾಗಿ ಅಳೆಯುವಾಗ ನಮ್ಮಜ್ಜನೂ ಮೊದಲನೆಯದಕ್ಕೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಆದರೆ ಎರಡನೆಯದಕ್ಕೆ ಎರಡು ಅಂತಲೇ ಅನ್ನುತ್ತಿದ್ದ ಪುಣ್ಯಾತ್ಮ.

ವರ್ಷದ ಕತೆ ಇನ್ನೊಂದು. ಸಿಯಲ್ಲಿ ಅದನ್ನು 1900ರಿಂದ ಎಣಿಸುವುದು. 1999 ಅಂದರೆ 99. ಮುಂದೆ ಒಂದು ‘19’ ಅಂಟಿಸಿ ಎಷ್ಟೋ ಜನ ನೆಮ್ಮದಿಯಾಗಿದ್ದರು. 2000ದ ಹೊಸ ವರ್ಷ ಬಂದಾಗ 99ರ ನಂತರ 100 ಬಂತು, ಕೆಲವು ವೆಬ್‌ಸೈಟುಗಳು 19100ನೇ ಇಸವಿಗೆ ಸ್ವಾಗತ ಕೋರಿದವು.

ಜಾವಾದವರಿಗೂ ಬೇಗ ನಾಚಿಕೆಯಾಯಿತು. 1997ರಲ್ಲಿ ಕ್ಯಾಲೆಂಡರ್ ಅಂತ ಹೊಸದೊಂದನ್ನು ತಂದರು. ಅದರಲ್ಲೂ ಜನವರಿ ಸೊನ್ನೆಯೇ. ವಾರದಲ್ಲಿ ಮಾತ್ರ ಭಾನುವಾರ ಒಂದು. ಸಿಯಲ್ಲಿ ಪಾಪ ಭಾನುವಾರವೂ ಸೊನ್ನೆಯಾಗಿತ್ತು! ಇಷ್ಟು ಸಾಲದು ಅಂತ ‘ಅನ್‌ಡೆಸಿಂಬರ್’ ಎಂಬ ಹದಿಮೂರನೇ ತಿಂಗಳು ಬೇರೆ. ಚಾಂದ್ರಮಾನದವರಿಗೆ ಬೇಕಾದೀತು ಅಂತ ಇಟ್ಟಿದ್ದಂತೆ. ನಮ್ಮ ಪಂಚಾಂಗದ ಶಾಸ್ತ್ರಿಗಳು ಕೇಳಿದ್ದರೆ ಅಧಿಕ ಮಾಸ ಎಲ್ಲಿ ಬೇಕಾದರೂ ಬರುತ್ತೆ, ಬಾಲಕ್ಕೇ ಕಟ್ಟಬೇಡ್ರಪ್ಪಾ ಅನ್ನುತ್ತಿದ್ದರು. ಕೊನೆಗೆ 2014ರಲ್ಲಿ, ಎಂಟನೇ ಆವೃತ್ತಿಯಲ್ಲಿ, ಜನವರಿಗೆ ಅದರ ಒಂದನ್ನು ವಾಪಸು ಕೊಟ್ಟರು. ಹಾಗಂತ ಹಳೆಯದನ್ನು ಕಿತ್ತುಹಾಕಲಿಲ್ಲ. ಅದನ್ನೇ ನಂಬಿಕೊಂಡ ಪ್ರೋಗ್ರಾಂಗಳು ಲೋಕದ ತುಂಬ ಇವೆಯಲ್ಲ. ಗೋಡೆ ಸೊಟ್ಟಗಿದೆ ಅಂತ ಬಾಡಿಗೆದಾರರು ಇರುವಾಗಲೇ ಮನೆ ಕೆಡವಲಾದೀತೆ?

ನಾನೂ ತಿಂಗಳ ಪಕ್ಕ ‘ಮೈನಸ್ ಒಂದು’ ಅಂತ ಸೇರಿಸಿ ಕೈತೊಳೆದುಕೊಂಡೆ. ಈಗ ಅದನ್ನೆಲ್ಲ ನೋಡಿಕೊಳ್ಳುವವನು ಎದುರುಮನೆಯ ಇಂಜಿನಿಯರಿಂಗ್ ಹುಡುಗ. ನಿನ್ನೆ ಗೇಟಿನ ಹತ್ತಿರ ಸಿಕ್ಕ. “ಅಂಕಲ್, ತಿಂಗಳಲ್ಲಿ ಸುಮ್‌ಸುಮ್ನೆ ಒಂದು ಕಳೆದಿದ್ರಲ್ಲ, ತೆಗೆದುಹಾಕ್ದೆ” ಅಂದ.

ಯುಗಾದಿಗೆ ಇನ್ನೆರಡೇ ದಿನ.