ಬೀಗರು, ಬೆರಿಲ್ ಮತ್ತು ಹಿತ್ತಿಲ ಕೊಳ

ಹ್ಯೂಸ್ಟನ್ ಕಡೆಯ ಕನ್ನಡಿಗರ ಮನೆಗಳಲ್ಲಿ ಈಜುಕೊಳ ಇರುವುದು ಈಜುವುದಕ್ಕೆ ಎಂದು ಊರಿನವರು ನಂಬಿದ್ದಾರೆ. ಪಾಪ, ನಂಬಿಕೊಂಡಿರಲಿ. ಮನೆ ಕೊಳ್ಳುವಾಗ ಹಿತ್ತಿಲಲ್ಲಿ ಅದೂ ಇರುತ್ತದೆ, ಅಷ್ಟೆ. ಮೊದಲ ಬೇಸಿಗೆಯಲ್ಲಿ ಎಲ್ಲರೂ ಇಳಿಯುತ್ತಾರೆ, ಫೋಟೊ ಊರಿಗೆ ಹೋಗುತ್ತದೆ. ಎರಡನೆಯ ಬೇಸಿಗೆಯಿಂದ ಮನೆಮಂದಿಯೆಲ್ಲ ಅದರ ಆಳುಗಳು. ಕೇಟಿಯಲ್ಲಿರುವ ನಮ್ಮ ಮನೆಯ ಕೊಳ 60,000 ಲೀಟರಿನದು. ಈಜು ಬಲ್ಲವಳು ಮಗಳೊಬ್ಬಳೇ, ಅವಳಿಗೆ ಪುರುಸೊತ್ತಿಲ್ಲ. 2024ರಲ್ಲಿ ಬಂದಿದ್ದ ಮಾವನವರಂತೂ ಮಲ್ಲೇಶ್ವರದ ಸ್ವಿಮ್ಮಿಂಗ್ ಪೂಲ್ ಎಕ್ಸ್‌ಟೆನ್ಷನ್ನಿನಲ್ಲೇ ಸಂಸಾರ ಮಾಡಿದವರು. ವಿಳಾಸದಲ್ಲಿ ಬರೆದದ್ದು ಬಿಟ್ಟರೆ ಸ್ವಿಮ್ಮಿಂಗ್ ಪೂಲಿನ ಸಹವಾಸಕ್ಕೆ ಹೋದವರಲ್ಲ.

ಅವರು ಯಾವ ಬೆಂಗಳೂರಿನಿಂದ ಬಂದಿದ್ದರು ಅನ್ನುವುದನ್ನು ಮರೆಯಬಾರದು. ಆ ಮಾರ್ಚಿನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಿಡಕೂಡದು, ಬಿಟ್ಟರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಟ್ಯಾಂಕರಿನವರಿಗೆ ಮೂಗುದಾರ ಹಾಕಲು ಜಿಲ್ಲಾಡಳಿತ ದರ ಕಟ್ಟಿತ್ತು: ಐದು ಕಿಲೋಮೀಟರಿನೊಳಗಾದರೆ 8,000 ಲೀಟರಿಗೆ 700 ರೂಪಾಯಿ. ಈ ಎರಡು ಅಂಕಿಗಳನ್ನೂ ಬಾಯಿಪಾಠ ಮಾಡಿಕೊಂಡು ವಿಮಾನ ಹತ್ತಿದ್ದ ನಮ್ಮತ್ತೆ, ಹಿತ್ತಿಲ ಬಾಗಿಲು ತೆಗೆದು ಕೊಳ ತೋರಿಸಿದಾಗ ಬೆರಗೇನೂ ಆಗಲಿಲ್ಲ. "ಇಲ್ಲಿ ದಂಡ ಎಷ್ಟೋ?" ಅಂತ ಮಗನನ್ನು ಕೇಳಿದರು.

ಜುಲೈ 8, ಸೋಮವಾರದ ನಸುಕಿನಲ್ಲಿ ಬೆರಿಲ್ ಚಂಡಮಾರುತ ಮಟಗೋರ್ಡಾ ಬಳಿ ದಡ ಹತ್ತಿ ನಮ್ಮ ಕಡೆಗೂ ಬಂತು. ಹ್ಯೂಸ್ಟನ್ ಸುತ್ತಮುತ್ತ 22 ಲಕ್ಷ ಸಂಪರ್ಕಗಳಿಗೆ ಕರೆಂಟ್ ಹೋಯಿತು. "ಇಲ್ಲೂ ಹೋಗತ್ತಾ!" ಎಂದ ಮಾವನವರ ಮುಖದಲ್ಲಿ, ಬಂದಿಳಿದ ಮೇಲೆ ಮೊದಲ ಸಲ, ಅಮೆರಿಕದ ಬಗ್ಗೆ ಆತ್ಮೀಯತೆ ಕಂಡಿತು. ಮಳೆ ನಿಂತಾಗ ಕೊಳ ಅಂಚಿನವರೆಗೆ ತುಂಬಿ, ಓಕ್ ಮರದ ಎಲೆ, ಹುಲ್ಲುಹಾಸಿನ ಮಣ್ಣು, ಪಕ್ಕದ ಮನೆಯ ಪ್ಲಾಸ್ಟಿಕ್ ಬಾತುಕೋಳಿ ಎಲ್ಲ ಅದರಲ್ಲಿದ್ದವು.

ನಮ್ಮನೆಯವರು ಗಾರ್ಡನ್ ಪೈಪಿಗೆ ನೀರು ತುಂಬಿ, ಒಂದು ತುದಿ ಕೊಳಕ್ಕೂ ಇನ್ನೊಂದು ತುದಿ ಬೀದಿಯ ಮೋರಿಗೂ ಇಳಿಬಿಟ್ಟರು. ಕೊಳದ ಗೋಡೆಯಲ್ಲಿ ಕಸ ಎಳೆದುಕೊಳ್ಳುವ ಕಿಂಡಿಯೊಂದಿದೆ. ನೀರು ಅದರ ಅರ್ಧಕ್ಕೆ ನಿಂತರಷ್ಟೇ ಅದು ಕೆಲಸ ಮಾಡುವುದು, ಮುಳುಗಿದರೆ ಎಲೆಗಳು ಆರಾಮಾಗಿ ಮೇಲೆ ವಿಹರಿಸುತ್ತಿರುತ್ತವೆ. ಇದನ್ನೆಲ್ಲ ಅತ್ತೆಗೆ ವಿವರಿಸುವವರು ಯಾರು? ದಿನ ಬಿಟ್ಟು ದಿನ ಬೆಳಗಿನ ಜಾವಕ್ಕೆದ್ದು ಕಾವೇರಿ ನೀರು ಹಿಡಿದ ಕೈ ಅದು. "ಎಂಟಂಗುಲ ಮಳೆ ಬಿದ್ದಿದೆಯಲ್ಲೋ, ಎಷ್ಟು ನೀರಾಗತ್ತೆ?" ಎಂದರು. ಮಗ ಉದ್ದ, ಅಗಲ ಗುಣಿಸಿ ಹೆಚ್ಚುಕಡಿಮೆ 8,000 ಲೀಟರು ಎಂದುಬಿಟ್ಟರು. ಹೇಳಬಾರದಿತ್ತು. "ಸರಿಯಾಗಿ ಏಳುನೂರು ರೂಪಾಯಿ ಮೋರಿಗೆ!" ಎಂದವರೇ ಮನೆಯಲ್ಲಿದ್ದ ಬಕೆಟ್, ಕುಕ್ಕರ್, ಇಡ್ಲಿ ಪಾತ್ರೆಗಳನ್ನೆಲ್ಲ ಪೈಪಿನ ತುದಿಗೆ ಸಾಲಾಗಿಟ್ಟರು. ಕುಕ್ಕರಿನ ನೀರು ಹೋಮ್ ಡಿಪೋದ ತುಳಸಿಗೆ ಹೋಯಿತು.

ಮಾವ ಇನ್ನೊಂದು ಕಡೆಯಿಂದ ಬಂದರು. ಅವರು ಜಲಮಂಡಳಿಯ ನಿವೃತ್ತ ಎಂಜಿನಿಯರು. ಹೆಸರಘಟ್ಟದ ನೀರು ಸೋಲದೇವನಹಳ್ಳಿಯಿಂದ ಪಂಪಾಗಿ ಮಲ್ಲೇಶ್ವರದ ಜ್ಯುವೆಲ್ ಫಿಲ್ಟರಿಗೆ ಬರುತ್ತಿದ್ದ ಕಥೆಯನ್ನು ಕೇಳದವರಿಗೂ ಹೇಳಬಲ್ಲವರು. "ಜಾಸ್ತಿ ಇಳಿಸಬೇಡ ಕಣೋ. ನೆಲದಡಿ ನೀರು ಉಕ್ಕಿರೋವಾಗ ತೊಟ್ಟಿ ಖಾಲಿ ಮಾಡಿದರೆ ತೊಟ್ಟಿನೇ ಮೇಲಕ್ಕೆ ತೇಲಿ ಬರತ್ತೆ." ಇದು ಅಕ್ಷರಶಃ ನಿಜ. ಕೆಳಗಿನ ಒತ್ತಡ ತಡೆಯಲು ಒಳಗೆ ನೀರಿನ ಭಾರ ಬೇಕು, ಅದಿಲ್ಲದೆ ಇಡೀ ಕಾಂಕ್ರೀಟ್ ಚಿಪ್ಪು ಎದ್ದ ಉದಾಹರಣೆಗಳಿವೆ. ಮಗ "ಗೊತ್ತು ಅಣ್ಣ" ಅಂದರು. (ಹಳೇ ಬೆಂಗಳೂರಿನ ಮನೆ, ತಂದೆಯನ್ನು ಅಣ್ಣ ಅನ್ನುವುದೇ ರೂಢಿ. ನನ್ನ ಮಗಳು ಎಂಟು ವರ್ಷದವರೆಗೂ ತಾತನನ್ನು ದೊಡ್ಡಪ್ಪ ಎಂದುಕೊಂಡಿದ್ದಳು.)

ಕರೆಂಟಿಲ್ಲ ಎಂದರೆ ಪಂಪಿಲ್ಲ. ಪಂಪಿಲ್ಲದಿದ್ದರೆ ನೀರು ನಿಂತ ನೀರೇ. ಜುಲೈ ಬಿಸಿಲು ಮೇಲೆ, ಎಲೆ ಕೆಳಗೆ; ಇದ್ದಬದ್ದ ಕ್ಲೋರಿನ್ ಆ ಕಸ ಸುಡುವುದರಲ್ಲೇ ಖರ್ಚು. ಮೂರನೆಯ ದಿನ ಕೊಳ ಕೆಂಪಾಂಬುಧಿ ಕೆರೆಯ ಬಣ್ಣಕ್ಕೆ ತಿರುಗಿತು. ಇಲ್ಲಿ ಪ್ರವೇಶ ಮಾಡಿದವರು ಚಾಮರಾಜಪೇಟೆಯ ನನ್ನ ಅಪ್ಪ, ವಿಡಿಯೊ ಕರೆಯಲ್ಲಿ. ನಮ್ಮ ಬೆಳಗಿನ ಎಂಟು ಗಂಟೆ ಅವರ ಸಂಜೆ ಆರೂವರೆ. ಬಸವನಗುಡಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ಮೇಷ್ಟ್ರಿಗೆ ಆ ಹೊತ್ತಿನಲ್ಲಿ ಕಾಫಿಯೂ ಆಗಿರುತ್ತದೆ, ವಿದ್ಯಾರ್ಥಿಗಳೂ ಇರುವುದಿಲ್ಲ.

"ಮಳೆನೀರು ಶುದ್ಧ, ಬೀಗರೇ. ಗಂಗೋದಕ. ಕೆಡಿಸಿದ್ದು ಎಲೆ" ಎಂದರು ಮಾವ.

"ಶುದ್ಧ ಇರಬಹುದು ಬೀಗರೇ, ಆದರೆ ಹುಳಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿಸಿಕೊಂಡೇ ಇಳಿಯೋದು, ಪಿಎಚ್ 5.6ರ ಸುಮಾರು. ಕೊಳಕ್ಕೆ 7.2ರಿಂದ 7.8 ಬೇಕು. ಮೇಲಾಗಿ ನಿಮ್ಮ ಗಂಗೆ ಬಂದು ಆಲ್ಕಲಿನಿಟೀನೂ ತೆಳು ಮಾಡಿದ್ದಾಳೆ. ಪುಟ್ಟೀ, ಕಿಟ್ ತಗೊಂಡು ಬಾ."

ಪಿಪೆಟ್ಟಿಗೆ ಹೆದರಿ ಪಿಯುಸಿಯಲ್ಲಿ ಕಾಮರ್ಸ್ ಸೇರಿದ ನಾನು, ನಲವತ್ತೈದನೆಯ ವಯಸ್ಸಿನಲ್ಲಿ, ನೈಟಿಯ ಮೇಲೆ ಟವೆಲ್ ಹೊದ್ದು, ಕೊಳದ ಕಟ್ಟೆಯ ಮೇಲೆ ಟೈಟ್ರೇಷನ್ನಿಗೆ ಕೂತೆ. ಹಸಿರು ನೀರು ಕೆಂಪಾಗುವವರೆಗೆ ಹನಿ ಹಾಕಬೇಕು, ಹನಿಗೆ ಹತ್ತು ಪಿಪಿಎಮ್ ಲೆಕ್ಕ. "ಶೇಕ್ ಮಾಡು. ಒಂದೊಂದೇ ಹನಿ. ಎಂಡ್ ಪಾಯಿಂಟ್ ಬಂತಾ?" ಐದನೆಯ ಹನಿಗೆ ಬಂತು. 50. ಇರಬೇಕಾದದ್ದು ಕನಿಷ್ಠ 80. ಅಪ್ಪ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ ಮೂರು ಕೆಜಿ ಅಡುಗೆ ಸೋಡಾ ಬರೆದುಕೊಟ್ಟರು.

"ಮೂರು ಕೆಜಿ!" ಅತ್ತೆ ಕುಸಿದು ಕೂತರು. "ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಸಂಗೀತ ಮುಗಿಯೋ ತನಕ ಬೋಂಡ ಕರೀಬಹುದು ಕಣ್ರೀ."

ಮಾವನಿಗೆ ಸೋಡಾದಲ್ಲಿ ಆಸಕ್ತಿ ಇರಲಿಲ್ಲ. ಸಂಪಿಗೆ ಬ್ಲೀಚಿಂಗ್ ಪೌಡರ್ ಕಲಸಿ ಸುರಿದು ಬೆಳೆದ ಜೀವ. ಅಂಗಡಿಗಳಲ್ಲಿ ಹುಡುಕಾಡಿ ನಮ್ಮನೆಯವರು ತಂದಿದ್ದ ನಾಲ್ಕು ಕ್ಯಾನ್ ದ್ರವ ಕ್ಲೋರಿನ್ನನ್ನು ಮಟಮಟ ಮಧ್ಯಾಹ್ನ ಒಂದೇ ಏಟಿಗೆ ಸುರಿದು, ಉದ್ದ ಕೋಲಿನ ಬ್ರಷ್ಷಿನಲ್ಲಿ ನಾಲ್ಕೂ ದಿಕ್ಕಿನಿಂದ ಕಲಕಿದರು. ಪಂಪಿಲ್ಲದ ಮೇಲೆ ಕಲಕಿದ್ದು ಸರಿ. ಮಧ್ಯಾಹ್ನ ಸುರಿದದ್ದು ಮಾತ್ರ ತಪ್ಪಂತೆ. ಬಿಸಿಲಿಗೆ ಕ್ಲೋರಿನ್ ಒಡೆದು ಹೋಗುತ್ತದೆ, ಅದನ್ನು ಕಾಯಲು ಹಾಕಿಟ್ಟ ಸ್ಟೆಬಿಲೈಜರಿನಲ್ಲೂ ಒಂದಿಷ್ಟು ಮಳೆಯ ಜೊತೆ ಮೋರಿ ಸೇರಿರುತ್ತದೆ, ಹೊತ್ತು ಮುಳುಗಿದ ಮೇಲೆ ಹಾಕಬೇಕಿತ್ತು ಎಂದು ಅಪ್ಪ ಮಾರನೆಯ ದಿನ ಎರಡು ಸಲ ಹೇಳಿದರು. ಬೀಗರಿಗೆ ಒಂದು ಸಲ ಹೇಳಿದರೆ ಸಲಹೆ, ಎರಡು ಸಲ ಹೇಳಿದರೆ ಅದು ಬೇರೆ.

ಆಮೇಲಿನದು ಮಹಾಯುದ್ಧ. ಕ್ಲೋರಿನ್ ಪರೀಕ್ಷೆಗೆ ಹನಿ ಹಾಕಿದರೆ ನೀರು ಗುಲಾಬಿಯಾಗಬೇಕು. ಆಗಲಿಲ್ಲ. ಒಂದು ಕ್ಷಣ ಏನೋ ಬಣ್ಣ ಮಿಂಚಿದಂತಾಗಿ ಬೆಳ್ಳಗಾಯಿತು. "ಸೊನ್ನೆ. ಇನ್ನೂ ನಾಲ್ಕು ಕ್ಯಾನ್ ತರ್ಸಿ" ಎಂದರು ಮಾವ. "ಸೊನ್ನೆಯಲ್ಲ ಬೀಗರೇ, ವಿಪರೀತ! ಕ್ಲೋರಿನ್ ಅತಿಯಾದರೆ ಬಣ್ಣವನ್ನೇ ತಿಂದುಹಾಕತ್ತೆ" ಎಂದರು ಅಪ್ಪ. ಇಬ್ಬರ ನೋಟಕ್ಕೂ ಸಿಕ್ಕಿದ್ದು ಅದೇ ಬಣ್ಣಗೆಟ್ಟ ನಳಿಕೆ. ಹದಿನೈದು ಸಾವಿರ ಚಿಲ್ಲರೆ ಕಿಲೋಮೀಟರು ಅಂತರದಲ್ಲಿ ಮಲ್ಲೇಶ್ವರವೂ ಚಾಮರಾಜಪೇಟೆಯೂ ದನಿ ಏರಿಸಿದವು. ನನ್ನ ಮದುವೆಯಲ್ಲಿ ಬೀಗರ ಊಟಕ್ಕೆ ಒಬ್ಬಟ್ಟು ಕಡಿಮೆ ಬಿದ್ದ ವಿಷಯವೂ ನಡುವೆ ಒಮ್ಮೆ ತಲೆ ಹಾಕಿ ಹೋಯಿತು.

"ಹುಳಿಗೆ ಉಪ್ಪು ಜಾಸ್ತಿಯಾಯ್ತಾ ಅಂತ ಅನುಮಾನ ಬಂದರೆ ಸೌಟಿನಲ್ಲಿ ತಗೊಂಡು ನೀರು ಬೆರೆಸಿ ನೋಡಲ್ವಾ?" ಅಂದರು ಅತ್ತೆ, ಹುರಳಿಕಾಯಿ ನಾರು ತೆಗೆಯುತ್ತಾ. ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಬಾಟಲಿ ನೀರು ಬೆರೆಸಿ ಹನಿ ಹಾಕಿದೆ. ಗಾಢ ಗುಲಾಬಿ. ಬಂದ ಅಂಕಿಯನ್ನು ಐದರಿಂದ ಗುಣಿಸಿದಾಗ ಇಪ್ಪತ್ತು ದಾಟಿತ್ತು. ಈಜುವ ನೀರಿಗೆ ನಾಲ್ಕರೊಳಗಿರಬೇಕು. ಫೋನಿನಲ್ಲಿ ಅಪ್ಪ ಏನೂ ಹೇಳಲಿಲ್ಲ, ಕಾಫಿ ಹೀರಿದ ಸದ್ದು ಮಾತ್ರ ಬಂತು. ಮಾವ ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ಕರೆಂಟು ಬಂತು, ಪಂಪು ತಿರುಗಿತು, ವಾರದಲ್ಲಿ ತಳದ ತಿರುಪು ಮೊಳೆ ಎಣಿಸುವಷ್ಟು ನೀರು ತಿಳಿಯಾಯಿತು. ಯಾರೂ ಇಳಿಯಲಿಲ್ಲ. ಇಷ್ಟು ಕಷ್ಟಪಟ್ಟು ಸರಿಮಾಡಿದ ನೀರನ್ನು ಮೈ ಹಾಕಿ ಕೆಡಿಸುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ.

ಅತ್ತೆ, ಮಾವ ಅಕ್ಟೋಬರಿನಲ್ಲಿ ವಾಪಸು ಹೋದರು. ಬೆಂಗಳೂರು ಆಗ ಟ್ಯಾಂಕರು ಮರೆತು ಯಲಹಂಕದಲ್ಲಿ ದೋಣಿ ಇಳಿಸಿತ್ತು. ಸೂಟ್‌ಕೇಸಿನಲ್ಲಿ ಮಾವ ನನ್ನ ಟೆಸ್ಟ್ ಕಿಟ್ ಇಟ್ಟುಕೊಂಡು ಹೋಗಿದ್ದು ಆಮೇಲೆ ತಿಳಿಯಿತು. ಮಳೆ ಬಂದ ಮೇಲೆ ಸಂಪಿನ ನೀರು ನೋಡಬೇಕಿತ್ತಂತೆ. ತಾವೊಬ್ಬರೇ ನೋಡಿದರೆ ಯಾರು ನಂಬುತ್ತಾರೆ ಎಂದು ಅಪ್ಪನನ್ನು ಕರೆಸಿಕೊಂಡರು. ಈಗ ಭಾನುವಾರ ಬೆಳಿಗ್ಗೆ ಬೀಗರಿಬ್ಬರೂ ಬೀದಿಯ ಸಂಪುಗಳನ್ನೆಲ್ಲ ಸರದಿಯಂತೆ ತೆಗೆಸುತ್ತಾರೆ, ಒಬ್ಬರು ಹನಿ ಹಾಕುತ್ತಾರೆ, ಇನ್ನೊಬ್ಬರು ತಪ್ಪು ಎಣಿಸಿದಿರಿ ಎನ್ನುತ್ತಾರೆ. ಅದರ ಫಲಿತಾಂಶ ನನಗೆ ಶನಿವಾರ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಹನಿ ಮುಗಿಯುತ್ತಾ ಬಂದಿದೆಯಂತೆ. ಹ್ಯೂಸ್ಟನ್ನಿನಿಂದ ಈ ತಿಂಗಳು ಯಾರಾದರೂ ಬೆಂಗಳೂರಿಗೆ ಹೊರಟಿದ್ದರೆ ದಯವಿಟ್ಟು ತಿಳಿಸಿ. ಎರಡೇ ಪುಟ್ಟ ಬಾಟಲಿ, ಚೆಕ್-ಇನ್ ಲಗೇಜಿನಲ್ಲಿ ಒಂದು ಮೂಲೆ ಸಾಕು. ಮಲ್ಲೇಶ್ವರಕ್ಕೂ ಬೇಡ, ಚಾಮರಾಜಪೇಟೆಗೂ ಬೇಡ. ಮೊದಲು ಯಾರ ಮನೆಗೆ ಕೊಟ್ಟಿರಿ ಅನ್ನುವುದು ಇನ್ನೊಂದು ರಗಳೆಯಾದೀತು. ಮೆಜೆಸ್ಟಿಕ್ಕಿನಲ್ಲಿ ಕೊಟ್ಟುಬಿಡಿ, ಇಬ್ಬರೂ ಬಂದು ತೆಗೆದುಕೊಳ್ಳುತ್ತಾರೆ.