ಬರಲಿ ನೋಡೋಣ

ಹೊಸದಾಗಿ ಇನ್ವರ್ಟರ್ ಹಾಕಿಸಿಕೊಂಡವರ ಮನೆಗೆ ಮೊದಲ ವಾರದಲ್ಲೇ ಒಮ್ಮೆ ಹೋಗಿ ಬನ್ನಿ. ಕರೆಂಟು ಹೋಗುತ್ತಿಲ್ಲವೆಂದು ಅವರಿಗೆ ಎಂಥದೋ ಕಸಿವಿಸಿ. ಅಷ್ಟು ದುಡ್ಡು ಸುರಿದಾಗಿದೆ, ಬ್ಯಾಟರಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಾಗಿದೆ, ಈ ಹಾಳು ಕರೆಂಟು ಮಾತ್ರ ಎಂದೂ ಇಲ್ಲದ ನಿಯತ್ತಿನಿಂದ ಹಗಲೂ ರಾತ್ರಿ ಇದೆ! ಕೊನೆಗೊಂದು ಸಂಜೆ ಬೀದಿಯೆಲ್ಲ ಗಪ್ಪೆಂದು ಕತ್ತಲಾಗಿ, ಇವರ ಮನೆಯ ದೀಪ ಮಾತ್ರ ಒಂದು ಸಲ ಮಿಟುಕಿ ಹಾಗೇ ಉಳಿದಾಗ ಯಜಮಾನರ ಮುಖ ನೋಡಬೇಕು. ‘ಪಾಪ, ಎದುರು ಮನೆಯವರಿಗೆ ಇಲ್ಲ’ ಎನ್ನುವಾಗ ಆ ‘ಪಾಪ’ದಲ್ಲಿ ಎಷ್ಟೊಂದು ಸಂತೋಷ! ಆಪತ್ತು ಬರದಿರಲಿ ಎಂದೇ ತಯಾರಿ ಮಾಡುವುದು ಎನ್ನುತ್ತಾರಲ್ಲ, ಅದು ತಯಾರಿ ಮುಗಿಯುವವರೆಗಿನ ಮಾತು. ಮುಗಿದ ಮೇಲೆ ಮನಸ್ಸಿನ ಮೂಲೆಯಲ್ಲೊಬ್ಬ ಕೂತು, ಸಣ್ಣದೊಂದಾದರೂ ಬರಲಿ ನೋಡೋಣ ಎನ್ನುತ್ತಿರುತ್ತಾನೆ.

ನಮ್ಮ ಭಾವನೊಳಗೆ ಈ ಆಸಾಮಿ ಮೂಲೆಯಲ್ಲಲ್ಲ, ನಡುಮನೆಯಲ್ಲೇ ಕೂತಿದ್ದಾನೆ. ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಆರನೇ ಮಹಡಿಯಲ್ಲಿ ಅವರ ಮನೆ. 2025ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದವರು ತಮ್ಮ ಜನರಿಗೆ, ಕನಿಷ್ಠ 72 ಗಂಟೆ ಯಾರ ಹಂಗೂ ಇಲ್ಲದೆ ಬದುಕುವಷ್ಟು ನೀರು, ಆಹಾರ, ಔಷಧಿ ಮನೆಯಲ್ಲಿಟ್ಟುಕೊಳ್ಳಿ ಎಂದು ಸಲಹೆ ಕೊಟ್ಟರು. ಅಲ್ಲಿಯ ಎಷ್ಟು ಜನ ಕೇಳಿದರೋ, ನಮ್ಮ ಭಾವ ಕೇಳಿದರು. ಒಂದು ಕೆಂಪು ಚೀಲ ಬಂತು. ಅದರೊಳಗೆ ಟಾರ್ಚು, ಪವರ್ ಬ್ಯಾಂಕು, ಪುಟ್ಟ ರೇಡಿಯೋ, ನೈಲಾನ್ ಹಗ್ಗ, ಬ್ಯಾಂಡೇಜು, ಒಂದು ಸೀಟಿ, ಆಧಾರಿನ ಜೆರಾಕ್ಸು, ಶಕ್ತಿಗೆಂದು ಕಡಲೆಕಾಯಿ ಚಿಕ್ಕಿ. ಚಿಕ್ಕಿ ಎಷ್ಟು ಸಲ ತಂದಿಟ್ಟರೂ ಮಗ ಖಾಲಿ ಮಾಡುತ್ತಿದ್ದನಾದ್ದರಿಂದ ಅಕ್ಕ ಅದನ್ನು ತೆಗೆದು ಸಕ್ಕರೆಯಿಲ್ಲದ ರಾಗಿ ಬಿಸ್ಕತ್ತು ಇಟ್ಟಳು. ಅದು ಇಂದಿಗೂ ಸುರಕ್ಷಿತವಾಗಿದೆ.

ಅದೇ ವರ್ಷ ಮೇ 7ರಂದು ದೇಶದ ಹಲವೆಡೆ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು, ಕಾರವಾರ, ರಾಯಚೂರಿನ ಸರದಿ. ಭಾವ ಚೀಲ ಹೆಗಲಿಗೇರಿಸಿ ಬಾಲ್ಕನಿಯಲ್ಲಿ ನಿಂತು ಸೈರನ್ನಿಗಾಗಿ ಕಿವಿಗೊಟ್ಟರು. ಅವರಿಗೆ ಕೇಳಿಸಿದ್ದು ಐದನೇ ಮಹಡಿಯ ಕುಕ್ಕರು.

ಈ ಚೀಲದ ವೃತ್ತಾಂತವನ್ನು ಅವರು ಊರಿಗೆ ಬಂದಾಗ ದೊಡ್ಡಮ್ಮನಿಗೆ ವಿವರಿಸಿದರು. ದೊಡ್ಡಮ್ಮ ಅಂದರೆ ಅವರ ಅತ್ತೆ. ಮನೆ ಹೊಸನಗರ ತಾಲ್ಲೂಕಿನ ಹುಲಿಕಲ್ ಸೀಮೆಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆಂದು ಶಾಲೆಯ ಪುಸ್ತಕದಿಂದ ಎಲ್ಲರಿಗೂ ಗೊತ್ತು. ಕೆಲವು ವರ್ಷ ಹುಲಿಕಲ್ ಅದನ್ನೂ ಹಿಂದಿಕ್ಕುತ್ತದೆಂಬುದು ಆ ಕಡೆಯವರು ಯಾರೂ ಕೇಳದೆ ಹೇಳುವ ಸಂಗತಿ. ದೊಡ್ಡಮ್ಮ ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು, ‘ಮೂರೇ ದಿನಕ್ಕಾ?’ ಎಂದು ಕೇಳಿದಳು. ಅಳಿಯಂದಿರಾದ್ದರಿಂದ ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ.

ಅವಳ ಲೆಕ್ಕ ನಾಲ್ಕು ತಿಂಗಳಿನದು. ಶಿವರಾತ್ರಿ ಕಳೆಯುತ್ತಿದ್ದಂತೆ ಮನೆಯ ಗಾಳಿ ಬದಲಾಗುತ್ತದೆ. ಮೊದಲು ಅಪ್ಪೆಮಿಡಿ. ಹೊಳೆದಂಡೆಯ ಮರದಿಂದ ನೆಲಕ್ಕೆ ಬೀಳಿಸದೆ ಕೊಯ್ದದ್ದೇ ಆಗಬೇಕು. ತೊಟ್ಟು ಮುರಿದು ಸೊನೆ ಸೋರಿದ್ದಕ್ಕೆ ಭರಣಿಯಲ್ಲಿ ಜಾಗವಿಲ್ಲ. ಆಮೇಲೆ ಹಲಸು. ಎಳೆಯದು ಪಲ್ಯಕ್ಕೆ, ಬೆಳೆದದ್ದು ಹಪ್ಪಳಕ್ಕೆ, ತೊಳೆ ಬಿಡಿಸಿದ್ದು ಉಪ್ಪುನೀರಿಗೆ, ಬೀಜ ಕೆಮ್ಮಣ್ಣು ಹಚ್ಚಿಸಿಕೊಂಡು ಮೂಲೆಗೆ. ಬಾಳಕದ ಮೆಣಸು, ಒಣಗಿಸಿದ ಮುರುಗಲು ಸಿಪ್ಪೆ, ವಾಟೆಹುಳಿ ಎಲ್ಲ ಒಂದೊಂದೇ ಅಟ್ಟ ಹತ್ತುತ್ತವೆ. ಅಂಗಳದಲ್ಲಿ ಹಪ್ಪಳ ಹರವಿದ ದಿನ ಮಕ್ಕಳಿಗೆ ಕಾಗೆ ಕಾಯುವ ಕೆಲಸ. ಕಾಗೆಗಳಿಗಿಂತ ಹೆಚ್ಚು ಹಸಿ ಹಪ್ಪಳ ತಿಂದವರು ಯಾರು ಎಂಬ ವಿಚಾರಣೆ ಸಂಜೆಗೆ.

ಸೌದೆಯದೇ ಒಂದು ಶಾಸ್ತ್ರ. ಸೀಳಿ, ಒಣಗಿಸಿ, ಕೊಟ್ಟಿಗೆಯಲ್ಲಿ ಸಾಲಾಗಿ ಒಟ್ಟಿದ ಮೇಲೆ ಯಾವ ಸಾಲನ್ನು ಯಾವಾಗ ಮುಟ್ಟಬೇಕೆಂಬುದು ದೊಡ್ಡಮ್ಮನ ಬಾಯಲ್ಲಿದೆ. ಮೃಗಶಿರಾ, ಆರಿದ್ರಾಕ್ಕೆ ಹೊರಸಾಲು. ಒಳಗಿನ ಗಟ್ಟಿ ಸೌದೆ ಪುಷ್ಯ, ಆಶ್ಲೇಷಾ ಮಳೆಗೆ. ಅದಕ್ಕೆ ಮುಂಚೆ ಕೈಹಾಕಿದವನ ಜಾತಕವೇ ಅವತ್ತು ಹೊರಗೆ ಬರುತ್ತದೆ. ದೊಡ್ಡಪ್ಪನ ಪಾಲಿಗೆ ಅಡಿಕೆ ತೋಟದ ಬೋರ್ಡೋ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವುದರೊಳಗೆ ಗೊನೆಗಳಿಗೆ ಹೊಡೆಸದಿದ್ದರೆ ಕೊಳೆರೋಗ ಬಂದು ವರ್ಷದ ಅನ್ನವೇ ಉದುರಿಹೋಗುತ್ತದೆ. ಪಾಕ ಹದವಾಯಿತೋ ಇಲ್ಲವೋ ಎಂದು ನೋಡಲು ದೊಡ್ಡಪ್ಪ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿತೋ, ಇನ್ನಷ್ಟು ಸುಣ್ಣದ ತಿಳಿ ಬೇಕು. ಹತ್ತಲಿಲ್ಲವೋ, ಹೊಡೆಯಬಹುದು. ಕೃಷಿ ಇಲಾಖೆಯವರೂ ಇದೇ ಪರೀಕ್ಷೆ ಹೇಳುತ್ತಾರೆಂದು ನಾನು ಒಮ್ಮೆ ತಿಳಿಸಿದೆ. ‘ಅವರಿಗೂ ಗೊತ್ತಾಯ್ತಾ? ಒಳ್ಳೇದಾಯ್ತು’ ಎಂದರು.

ಇಷ್ಟೆಲ್ಲ ಮಾಡಿಟ್ಟು ಕೂತ ಮೇಲೆ ಮಳೆ ಬರಲೇಬೇಕು. 2023ರಲ್ಲಿ ಅದು ಮೋಸ ಮಾಡಿತು. ಜೂನ್ ತಿಂಗಳು ಬರಿದೇ ಹೋಯಿತು. ಜುಲೈಯಲ್ಲಿ ಒಂದಷ್ಟು ಸುರಿದಂತೆ ಮಾಡಿ ಆಗಸ್ಟಿನಲ್ಲಿ ಮತ್ತೆ ಮಾಯ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ತೋಟಕ್ಕೆ ನೀರಿಲ್ಲವೆಂಬ ಚಿಂತೆ ದೊಡ್ಡಪ್ಪನಿಗೆ. ದೊಡ್ಡಮ್ಮನಿಗೂ ಆ ಚಿಂತೆ ಇತ್ತು, ಸುಳ್ಳಲ್ಲ. ಆದರೆ ಬಿಸಿಲಿನಲ್ಲಿ ಹಪ್ಪಳ ಸುಟ್ಟು ತಿನ್ನುವಾಗ ಅವಳ ಮುಖದಲ್ಲಿದ್ದದ್ದು ಬೇರೆ. ನೆಂಟರನ್ನು ಊಟಕ್ಕೆ ಕರೆದು ಹೋಳಿಗೆ ಮಾಡಿಟ್ಟ ಮೇಲೆ ಅವರು ಬರಲೇ ಇಲ್ಲವಾದರೆ ಆಗುತ್ತದಲ್ಲ, ಆ ಸಿಟ್ಟು.

ದೊಡ್ಡ ಗಂಡಾಂತರಗಳಿಗೆ ತಯಾರಾಗುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟವೆಂದು ದೇಶದ ತುಂಬ ಹೋಮ ಹವನ. ತುಪ್ಪ ಸುಟ್ಟದ್ದೇ ಬಂತು, ಭೂಮಿ ಇದ್ದಲ್ಲೇ ಇತ್ತು. 1979ರ ಜುಲೈಯಲ್ಲಿ ಸ್ಕೈಲ್ಯಾಬ್ ಬೀಳುತ್ತದೆಂದಾಗ, ಹೇಗೂ ಸಾಯುವುದು ಖಂಡಿತ ಎಂದು ಸಾಕಿದ ಕೋಳಿಗಳನ್ನೆಲ್ಲ ಕೊಯ್ದು ಉಂಡವರ ಕಥೆ ಪ್ರತಿ ಊರಿನಲ್ಲೂ ಇದೆ. ಆಪತ್ಕಾಲದ ದಾಸ್ತಾನನ್ನು ಆಪತ್ತಿಗೆ ಮೊದಲೇ ಮುಗಿಸುವ ಈ ಕ್ರಮ ಎಲ್ಲಕ್ಕಿಂತ ರುಚಿಯಾದದ್ದು, ಒಪ್ಪಬೇಕು. ಸ್ಕೈಲ್ಯಾಬ್ 11ನೇ ತಾರೀಖು ಬಿದ್ದದ್ದು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯದ ಮೇಲೆ. ಅಲ್ಲಿನ ಎಸ್ಪರೆನ್ಸ್ ಎಂಬ ಊರಿನವರು ಕಸ ಹಾಕಿದ್ದಕ್ಕೆಂದು ನಾಸಾಗೆ 400 ಡಾಲರ್ ದಂಡದ ಚೀಟಿ ಹರಿದುಕೊಟ್ಟರು. ಆಕಾಶವೇ ತಲೆಯ ಮೇಲೆ ಬಿದ್ದರೂ ರಶೀದಿ ಪುಸ್ತಕ ಕೈಲಿರಬೇಕು ಎನ್ನುವ ಆ ಊರಿನ ಬಗ್ಗೆ ನನಗೆ ಅಪಾರ ಗೌರವ.

ನಿಜವಾಗಿ ಬರುವ ಆಪತ್ತುಗಳಿಗೆ ಇಂಥ ಠೀವಿ ಇಲ್ಲ. ಅವು ರಾತ್ರಿ ಒಂಬತ್ತೂವರೆಗೆ, ಚಪಾತಿ ಅರ್ಧ ಬೆಂದಿರುವಾಗ, ಗ್ಯಾಸು ಮುಗಿಯುವ ರೂಪದಲ್ಲಿ ಬರುತ್ತವೆ. ಈ ವಿಷಯದಲ್ಲಿ ಭಾವನ ಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಸಿಲಿಂಡರಿನ ಹಿಡಿಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಎಂದು ಒಂದು ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಬರೆದಿರುವುದನ್ನು ಮೊದಲು ತೋರಿಸಿದವರು ಅವರೇ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಜೂನ್‌ವರೆಗೆ, ಹೀಗೆ ಮೂರು ಮೂರು ತಿಂಗಳು. ಬಿ-27 ಎಂದಿದ್ದರೆ 2027ರ ಜೂನ್ ದಾಟುವುದರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು. ಸಿಲಿಂಡರ್ ತರುವ ಹುಡುಗ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರೆ ಭಾವ ಮಂಡಿಯೂರಿ ಇದನ್ನು ಓದುತ್ತಾರೆ, ಮುಚ್ಚಳ ತೆಗೆಸಿ ವಾಷರ್ ಇದೆಯೋ ನೋಡುತ್ತಾರೆ, ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೋ ಎಂದು ಕಾಯುತ್ತಾರೆ. ಸೋರಿದರೆ ಕರೆಯಬೇಕಾದ 1906 ಎಂಬ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿದೆ. ಆ ಹುಡುಗ ಈಗೀಗ ಇವರ ಮನೆಗೆ ಕೊನೆಯಲ್ಲಿ ಬರುತ್ತಾನಂತೆ. ಇವರೊಬ್ಬರ ಬಾಗಿಲಲ್ಲಿ ಕಳೆಯುವ ಹೊತ್ತಿನಲ್ಲಿ ಉಳಿದ ಮಹಡಿಗಳೆಲ್ಲ ಮುಗಿಯುತ್ತವೆ.

ಆದರೆ ವಾಂತಿಭೇದಿಯ ವಿಷಯ ಬಂದಾಗ ಅಧಿಕಾರ ದೊಡ್ಡಮ್ಮನದು. ಅವಳ ಗಂಜಿತಿಳಿ, ಉಪ್ಪು ಎಲ್ಲ ಕೈಅಂದಾಜು. ಭಾವನಿಗೆ ಅಂದಾಜು ಆಗದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ತಲೆ ಸವರಿದ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಅವರ ಪಾಠ. ಪಾಠ ಸರಿಯಾದದ್ದೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಮಾಡಿದ್ದೂ ಇಂಥದೇ. ಉಪ್ಪು, ಗ್ಲೂಕೋಸು, ಅಡಿಗೆ ಸೋಡ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಡಾಕ್ಟರು ಎಲ್ಲ ಕಡೆ ಇರಲಾರ, ತಾಯಿ ಇರುತ್ತಾಳೆ ಎಂಬ ಲೆಕ್ಕ. ಈ ಕಥೆ ಹೇಳಿದ ಮೇಲೆ ದೊಡ್ಡಮ್ಮ ಚಮಚ ಹಿಡಿಯಲು ಒಪ್ಪಿದಳು. ಸಕ್ಕರೆಗೆ ಮಾತ್ರ. ಉಪ್ಪು ಈಗಲೂ ಕೈಯಲ್ಲೇ ಹಾಕುತ್ತಾಳೆ, ನಾವು ಹಿಂದೆ ನಿಂತು ಕಣ್ಣಿಡುತ್ತೇವೆ.

ಕಳೆದ ಆಷಾಢದಲ್ಲಿ ಭಾವನಿಗೆ ಕಾಲ ಕೂಡಿಬಂತು. ಅವರೂ ಅಕ್ಕನೂ ಊರಿನಲ್ಲಿದ್ದಾಗಲೇ ಗಾಳಿಮಳೆ ಹಿಡಿದು, ಘಟ್ಟದ ರಸ್ತೆಗೆ ದರೆ ಜಾರಿ, ಮರ ಬಿದ್ದು ತಂತಿ ಹರಿದು, ಟವರಿನ ಬ್ಯಾಟರಿಯೂ ಮುಗಿದು ಫೋನುಗಳೆಲ್ಲ ಸುಮ್ಮನಾದವು. ಭಾವ ಕೆಂಪು ಚೀಲ ತೆಗೆದುಕೊಂಡು ನಡುಮನೆಗೆ ಬಂದು ನಿಂತರು. ಅಷ್ಟರಲ್ಲಿ ಲಾಟೀನು ಹೊತ್ತಿ ಆಗಿತ್ತು, ಸಾರು ಕುದಿಯುತ್ತಿತ್ತು, ದೊಡ್ಡಪ್ಪ ಕವಳ ಹಾಕುತ್ತಿದ್ದರು. ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕುತ್ತೇನೆಂದು ಹೊರಟರು. ಅರ್ಧ ಬೆಂಕಿಪೊಟ್ಟಣ, ಒಂದು ದಿನಪತ್ರಿಕೆ ಖರ್ಚಾದ ಮೇಲೆ ಮನೆ ತುಂಬ ಹೊಗೆ ಬಂತು, ಬೆಂಕಿ ಬರಲಿಲ್ಲ. ಪಕ್ಕದ ಮನೆಯ ಹುಡುಗಿ ಬಂದು ಎರಡು ಹಿಡಿ ಒಣ ಅಡಿಕೆ ಸಿಪ್ಪೆ ಒಳಗೆ ತುರುಕಿ, ಮೇಲೊಂದು ತೆಂಗಿನ ಗರಿ ಇಟ್ಟು, ಒಂದೇ ಕಡ್ಡಿಯಲ್ಲಿ ಹೊತ್ತಿಸಿ, ಏನೂ ಮಾತಾಡದೆ ಹೋದಳು. ಮಾತಾಡಿದ್ದರೆ ಒಳ್ಳೆಯದಿತ್ತು ಎಂದು ಭಾವ ಆಮೇಲೆ ಹೇಳಿದರು.

ಚೀಲದೊಳಗೆ ಸಲ್ಲುವ ವಸ್ತು ಒಂದಿತ್ತು. ಮಳೆ ಹೊಳವಾದಾಗ ಬಾಳೆಗೊನೆಗೆ ಬಂದ ಮಂಗಗಳ ಮೇಲೆ ಸೀಟಿ ಊದಿದಾಗ ಅವು ಗುಡ್ಡದವರೆಗೂ ತಿರುಗಿ ನೋಡದೆ ಓಡಿದವು. ಎರಡನೇ ದಿನದ ಹೊತ್ತಿಗೆ ಸೀಟಿಯ ಸದ್ದು ಊಟದ ಕರೆ ಎಂದು ಭಾವಿಸಿದವೋ ಏನೋ, ಊದಿದೊಡನೆ ಬರತೊಡಗಿದವು.

ನನಗೆ ಆ ದಿನಗಳಲ್ಲಿ ಕುತೂಹಲ ಹುಟ್ಟಿಸಿದ್ದು ಅಡಿಗೆಮನೆಗೆ ಹೋಗುವ ಬಾಗಿಲ ಪಕ್ಕದ ಗೋಡೆ. ಅಲ್ಲಿ ಪೆನ್ಸಿಲಿನಲ್ಲಿ ನಂಬರುಗಳನ್ನು ಬರೆದಿದೆ. ಜೀಪಿನವರದು, ದನದ ಡಾಕ್ಟರದು, ಲೈನ್‌ಮ್ಯಾನಿನದು, ನರ್ಸಮ್ಮನದು. ಸುಣ್ಣ ಹೊಡೆಸುವಾಗ ಅಷ್ಟು ಜಾಗ ಬಿಟ್ಟು ಹೊಡೆಸುತ್ತಾರೆ. ಭಾವನಿಗೆ ಅಕ್ಕನ ನಂಬರೇ ಬಾಯಿಪಾಠವಿಲ್ಲವೆಂಬುದೂ ಆಗಲೇ ಹೊರಬಿದ್ದದ್ದು. ಮೂವತ್ತೆರಡು ಸಾವಿರ ಹಾಡು ಹಿಡಿಸುವ ಫೋನು ಕೈಯಲ್ಲಿತ್ತು, ಅದಕ್ಕೆ ಜೀವವಿರಲಿಲ್ಲ. ಗೋಡೆಯ ಮೇಲಿಲ್ಲದ ಸಂಗತಿಗಳು ಇನ್ನೂ ಬೇಕಾದಷ್ಟು. ಉದ್ದದ ಏಣಿ ಯಾರ ಮನೆಯಲ್ಲಿದೆ, ಮರ ಕೊಯ್ಯುವ ಮಿಷನ್ನು ಯಾರದು, ಯಾರ ಸೊಸೆಗೆ ದಿನ ತುಂಬಿದೆ, ಆದ್ದರಿಂದ ಜೀಪು ಹೊಳೆಯ ಯಾವ ಪಕ್ಕದಲ್ಲಿ ನಿಂತಿರಬೇಕು. ಹಳ್ಳಕ್ಕೆ ಕಾಲುಸಂಕ ಹಾಕುವ ಕೆಲಸಕ್ಕೆ ಮೇ ಕೊನೆಗೆ ಮನೆಗೊಬ್ಬರು ಬರಲೇಬೇಕು. ವರ್ಷವಿಡೀ ಬೇಲಿಯ ವಿಷಯಕ್ಕೆ ಮಾತು ಬಿಟ್ಟವರು ಆ ದಿನ ಅಡಿಕೆ ದಬ್ಬೆಯ ಆ ತುದಿ ಈ ತುದಿ ಹಿಡಿದು, ‘ಸ್ವಲ್ಪ ಎತ್ತಿ’ ಎಂದು ಆಕಾಶಕ್ಕೆ ಹೇಳುತ್ತಾರೆ. ಸಂಕ ಮುಗಿದ ಮೇಲೆ ಜಗಳ ಮುಂದುವರಿಯುತ್ತದೆ. ಭಾವನ ಅಪಾರ್ಟ್‌ಮೆಂಟಿನಲ್ಲಿ ಜಗಳವಿಲ್ಲ. ಎದುರು ಮನೆಯವರ ಹೆಸರು ಗೊತ್ತಿದ್ದರಲ್ಲವೇ ಜಗಳ?

ಲೈನ್‌ಮ್ಯಾನ್ ಬಂದದ್ದು ನಾಲ್ಕನೇ ದಿನ, ಅದೇ ಸಂಕ ದಾಟಿ, ಮಂಡಿಯವರೆಗೆ ಕೆಸರು, ಕಾಲಿಗೆ ಉಂಬಳ. ದೊಡ್ಡಮ್ಮ ಉಂಬಳಕ್ಕೆ ಸುಣ್ಣ, ಆಳಿಗೆ ಕಾಫಿ, ಜೊತೆಗೆ ಕರಿದ ಹಲಸಿನ ಹಪ್ಪಳ ಕೊಟ್ಟಳು. ಎರಡನೇ ಸಲವೂ ಹಾಕಿದಳು. ಕಂಬ ಹತ್ತಿ ತಂತಿ ಸೇರಿಸಿ, ಟಿಸಿಯ ಹತ್ತಿರ ಹೋಗಿ ಬಂದು ಅವನು ಅಂಗಳದಿಂದಲೇ ‘ಬಂತಾ ನೋಡಿ ಅಮ್ಮಾ’ ಎಂದು ಕೂಗಿದ. ಭಾವ ಸ್ವಿಚ್ಚು ಒತ್ತಿದರು. ಏನೂ ಆಗಲಿಲ್ಲ. ಅವರ ಕಣ್ಣು ಹೊಳೆಯಿತು. ಚೀಲದಿಂದ ಟೆಸ್ಟರ್ ಹೊರಬಂತು. ಲೈನ್‌ಮ್ಯಾನ್ ಒಳಗೆ ಬಂದು ಮೇಲೆ ನೋಡಿ, ‘ಕರೆಂಟು ಇದೆ ಸರ್, ಬಲ್ಬು ಹೋಗಿದೆ’ ಎಂದ.

ಹುಡುಕಾಟ ಶುರುವಾಯಿತು. ಅಟ್ಟದಲ್ಲಿ ಹಪ್ಪಳವಿತ್ತು, ಮಿಡಿ ಉಪ್ಪಿನಕಾಯಿ ಇತ್ತು, ಎರಡು ವರ್ಷಕ್ಕಾಗುವ ಹುಳಿ ಇತ್ತು, ಲಾಟೀನಿನ ಗಾಜು ಹೆಚ್ಚಿನದು ಮೂರಿತ್ತು. ಕೆಂಪು ಚೀಲದಲ್ಲಿ ಬೆಟ್ಟ ಹತ್ತುವವರ ಕೊಕ್ಕೆ ಕೂಡ ಇತ್ತು. ಬಲ್ಬು ಇರಲಿಲ್ಲ.

‘ಬಚ್ಚಲದ್ದು ಬಿಚ್ಚಿ ತಂದು ಇಲ್ಲಿಗೆ ಹಾಕಿ,’ ಎಂದಳು ದೊಡ್ಡಮ್ಮ, ‘ಅಲ್ಲಿ ಹೇಗೂ ಒಲೆ ಉರೀತಾ ಇರ್ತದೆ.’