ಬಾಗಿಲಿಗೆ ಅಂಟಿಸಿದ ನೋಟಿಸಿಗೊಂದು ಬಹಿರಂಗ ಪತ್ರ

ಹೊಸಪೇಟೆ

ನಮ್ಮ ಓಣಿಯ ಮನೆಯೊಂದರ ಬಾಗಿಲಿಗೆ ಅಂಟಿರುವ ಸ್ವಾಧೀನದ ನೋಟಿಸೇ,

ನೀನು ಬಂದ ದಿನ ಓಣಿಗೆಲ್ಲ ಒಂದೇ ಮಾತು: "ಬ್ಯಾಂಕಿನವ್ರು ಚೀಟಿ ಹಚ್ಯಾರ." ಚೀಟಿಯಲ್ಲಿ ಏನಿದೆ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ನೀನು ಇಂಗ್ಲಿಷಿನಲ್ಲಿದ್ದೆ. ಮನೆಯಾಕೆ ನಿನ್ನೆದುರು ನಿಂತು ಅಂಕಿಗಳನ್ನಷ್ಟೇ ಓದಿಕೊಂಡಳು.

ನಿನ್ನ ಬೆನ್ನಿಗಿರುವುದು 2002ರ ಕಾಯ್ದೆ. ಬ್ಯಾಂಕಿನವರ ಬಾಯಲ್ಲಿ ಅದು ಸರ್ಫೇಸಿ. ಮೂರು ತಿಂಗಳು ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಿ ನಿಂತ ಸಾಲ. ಆಮೇಲೆ 60 ದಿನದ ನೋಟಿಸು. ಅಷ್ಟರೊಳಗೆ ಹಣ ಕಟ್ಟದಿದ್ದರೆ ಕೋರ್ಟಿನ ಅಪ್ಪಣೆಗೆ ಕಾಯದೆ ಬ್ಯಾಂಕೇ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಈ ಕ್ರಮಕ್ಕೆ ಸಿವಿಲ್ ಕೋರ್ಟು ತಡೆ ಕೊಡುವಂತಿಲ್ಲ.

ಸಾಲ ತೀರಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬ್ಯಾಂಕಿನಲ್ಲಿರುವುದು ನಮ್ಮಂಥವರದೇ ಠೇವಣಿ. ಆದರೆ ಈ ಸೀಮೆಯಲ್ಲಿ ಕಂತು ಹೇಗೆ ತಪ್ಪುತ್ತದೆ ಎಂಬುದನ್ನು ನೀನು ತಿಳಿಯಬೇಕು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸಂಡೂರಿನ ಗುಡ್ಡಗಳು ಉಳಿಯಬೇಕಾದರೆ ಆ ಆದೇಶ ಬೇಕೇ ಬೇಕಿತ್ತು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದಿರು ಹೊರಲೆಂದು ಸಾಲ ಮಾಡಿ ಕೊಂಡ ಲಾರಿಗಳೂ ಅಂದೇ ನಿಂತವು. ಆಯ್ದ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿದ್ದು 2012ರ ಸೆಪ್ಟೆಂಬರಿನಲ್ಲಿ. ನಡುವೆ ಹದಿಮೂರು ತಿಂಗಳು. ಗುಡ್ಡ ಕರಗಿಸಿದವರು ಬೇರೆ, ಕಂತು ಕಟ್ಟಬೇಕಾದವರು ಬೇರೆ. ನಿನ್ನ ಲೆಕ್ಕಕ್ಕೆ ಮೂರು ತಿಂಗಳೇ ಸಾಕು.

ಕಂಪ್ಲಿಯ ಭತ್ತದ ಗದ್ದೆಯನ್ನು ನೀನು ಮುಟ್ಟುವಂತಿಲ್ಲ. ಕೃಷಿ ಭೂಮಿಯನ್ನು ನಿನ್ನ ಕಾಯ್ದೆಯ 31ನೇ ಕಲಂ ಹೊರಗಿಟ್ಟಿದೆ. ಆದರೆ ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಲದು, ನಿಜವಾಗಿ ಬೇಸಾಯ ನಡೆಯುತ್ತಿರಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗದ್ದೆಯಂಚಿನ ಅಕ್ಕಿ ಗಿರಣಿಗೂ ರೈತನ ಮನೆಗೂ ಆ ರಕ್ಷಣೆ ಇಲ್ಲ.

ನನ್ನ ತಕರಾರು ಇರುವುದು ಬಿಡಿಸಿಕೊಳ್ಳುವ ಹಕ್ಕಿನ ಬಗ್ಗೆ. ಒತ್ತೆ ಎಂದರೆ ಮಾರಾಟವಲ್ಲ, ಬಿಡಿಸಿಕೊಳ್ಳಲೆಂದೇ ಇಟ್ಟದ್ದು. ಕಲ್ಯಾಣದ ವಿಜ್ಞಾನೇಶ್ವರ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿ ಒತ್ತೆಯನ್ನು ‘ಆಧಿ’ ಎನ್ನುತ್ತದೆ. ಸಾಲ ಕೊಟ್ಟವನು ಫಲ ಉಣ್ಣುವ ಭೋಗ್ಯದ ಆಧಿ ಸಾಲಗಾರನಿಗೆ ಎಂದಿಗೂ ತಪ್ಪಿಹೋಗದು ಎನ್ನುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ 60ನೇ ಕಲಮಿನಲ್ಲಿ ಈ ಹಕ್ಕನ್ನು ಕಾಪಾಡಿತು. ನಿನ್ನ ಕಾಯ್ದೆಯಲ್ಲಿಯೂ ಮೊದಲು ಮಾರಾಟಕ್ಕೋ ವರ್ಗಾವಣೆಗೋ ಗೊತ್ತುಪಡಿಸಿದ ದಿನದವರೆಗೆ ಅವಕಾಶವಿತ್ತು. 2016ರ ತಿದ್ದುಪಡಿ ಅದನ್ನು ಹರಾಜಿನ ಪ್ರಕಟಣೆ ಹೊರಬೀಳುವ ದಿನಕ್ಕೆ ಎಳೆದು ತಂದಿತು. ಪ್ರಕಟಣೆ ಬಂದಮೇಲೆ ಪೂರ್ತಿ ಹಣ ಹೊಂದಿಸಿಕೊಂಡು ಹೋದರೂ ಹಕ್ಕಿನಿಂದ ಕೇಳುವಂತಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹೊಲ ಮಾರಿಯೋ ತಾಳಿ ಅಡವಿಟ್ಟೋ ಹಣ ತರುವ ಮನೆಗೆ ಗೊತ್ತಾಗಲೇಬೇಕಾದ ಗಡುವು ಇದೊಂದೇ. ಅದನ್ನು ಕನ್ನಡದಲ್ಲಿ ಒಂದು ಸಾಲು ಬರೆದು ತಿಳಿಸಲು ನಿನಗೇನು ಕಷ್ಟ?

ಪತ್ರಿಕೆಯಲ್ಲಿ ಸ್ವಾಧೀನದ ಪ್ರಕಟಣೆ ಸ್ಥಳೀಯ ಭಾಷೆಯಲ್ಲೂ ಬರಬೇಕೆಂದು ನಿಯಮವೇ ಇದೆ. ಪತ್ರಿಕೆ ತರಿಸದ ಮನೆಯ ಬಾಗಿಲಿಗೂ ಅದೇ ಮರ್ಯಾದೆ ಸಲ್ಲಲಿ. ಮೊದಲ ನೋಟಿಸಿನ 60 ದಿನದೊಳಗೆ ಆಕ್ಷೇಪ ಬರೆದುಕೊಟ್ಟರೆ 15 ದಿನದಲ್ಲಿ ಬ್ಯಾಂಕು ಕಾರಣಸಹಿತ ಉತ್ತರಿಸಬೇಕು. ಆ ಮನೆಯಾಕೆ ಬರೆಯಲಿಲ್ಲ. ಬರೆಯಬಹುದೆಂದು ಗೊತ್ತಿದ್ದರೆ ತಾನೆ?

ಬೀಗ ಒಡೆಯಲು ಪೊಲೀಸರು ಬೇಕಾದಾಗ ಬ್ಯಾಂಕು 14ನೇ ಕಲಮಿನಡಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕುತ್ತದೆ. 2021ರಲ್ಲಿ ಜಿಲ್ಲೆ ಒಡೆದ ಮೇಲೆ ಹೊಸಪೇಟೆ, ಹಂಪಿಯ ಅರ್ಜಿ ಹೋಗುವುದು ವಿಜಯನಗರದ ಜಿಲ್ಲಾಧಿಕಾರಿಗೆ. ಸಂಡೂರು, ಕಂಪ್ಲಿಯದು ಬಳ್ಳಾರಿಗೆ. ಅರ್ಜಿಯ ಜೊತೆಗಿನ ಅಫಿಡವಿಟ್ಟಿನಲ್ಲಿ ಬ್ಯಾಂಕು ಒಂಬತ್ತು ವಿಷಯ ಘೋಷಿಸಬೇಕು. ಸಾಲಗಾರನ ಆಕ್ಷೇಪಕ್ಕೆ ಉತ್ತರ ಕೊಟ್ಟಿದ್ದೇವೆ ಎಂಬುದೂ ಅದರಲ್ಲೊಂದು. ಇಬ್ಬರೂ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಸಹಿಗೆ ಮುಂಚೆ ಆ ಸಾಲಿನ ಮೇಲೆ ಬೆರಳಿಟ್ಟು, ಉತ್ತರದ ಪ್ರತಿ ಎಲ್ಲಿ ಎಂದು ಕೇಳಿ.

ನಿನ್ನನ್ನು ಪ್ರಶ್ನಿಸಲು ಇರುವುದು ಸಾಲ ವಸೂಲಾತಿ ನ್ಯಾಯಮಂಡಳಿ. ಕರ್ನಾಟಕದಲ್ಲಿ ಅದು ಬೆಂಗಳೂರಿನಲ್ಲಿ ಮಾತ್ರ. ಅರ್ಜಿ ಹಾಕಲು ಅವಧಿ, ನೀನು ಅಂಟಿದ ದಿನದಿಂದ 45 ದಿನ. ಮಹಿಳೆಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. ನೀನು ಇದನ್ನೂ ಬರೆದಿಲ್ಲ, ನಾನೇ ಆಕೆಗೆ ಹೇಳಿದೆ.

ನೀನು ಅಂಟಿ ಇಂದಿಗೆ ಹನ್ನೆರಡು ದಿನ. ಮೂವತ್ಮೂರು ಉಳಿದಿವೆ. ನಾಳೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿಗೆ ಎರಡು ಟಿಕೆಟ್ ತೆಗೆಸಿದ್ದೇನೆ. ನಿನ್ನ ಫೋಟೊ ತೆಗೆದುಕೊಂಡಿದ್ದೇವೆ, ಕಾಗದಪತ್ರಗಳ ಚೀಲ ಆಕೆಯ ಕೈಯಲ್ಲಿದೆ.

ಇತಿ,
ಅದೇ ಓಣಿಯವನು